ಜೋಡಬೆರಳ ಮಾಯಪ್ಪನ ಮರಿಮೊಮ್ಮಗಳು

ಕೂಸು ಹುಟ್ಟಿದ ಹನ್ನೆರಡನೆಯ ದಿನ ದಿಗ್ಗೇವಾಡಿಯಿಂದ ಬೀಗರು ಚಿಂಚಲಿಗೆ ಬಂದರು. 1996ರ ಮೇ ತಿಂಗಳು, ತಗಡಿನ ಮನೆಯೊಳಗೆ ಕೂಡಲಾಗದಷ್ಟು ಕಾವು. ಬಾಣಂತಿ ಶಿವಗಂಗವ್ವನ ಅಪ್ಪ ಭೀಮಸಿ ಎರಡೆಕರೆ ಹೊಲ, ನಾಲ್ಕು ಎಮ್ಮೆಯ ರೈತ. ಕಬ್ಬಿನ ತೋಟದ ಬೀಗರು ಬರುತ್ತಾರೆಂದು ಪಕ್ಕದ ಮನೆಯಿಂದ ಎರಡು ಕುರ್ಚಿ ತಂದು ಹಾಕಿದ್ದ. ಅತ್ತೆ ಗಿರಿಜವ್ವ ಕುರ್ಚಿಯ ಕಡೆ ನೋಡಲೂ ಇಲ್ಲ. ನೇರವಾಗಿ ಬಾಣಂತಿಯ ಕೋಣೆಗೆ ನಡೆದು, ಕೂಸನ್ನು ಎತ್ತಿಕೊಂಡು, ಸುತ್ತಿದ್ದ ಬಟ್ಟೆ ಬಿಚ್ಚಿದಳು.

ಕೂಸಿನ ಎರಡೂ ಕೈಯಲ್ಲಿ ನಡುಬೆರಳು, ಉಂಗುರ ಬೆರಳು ಕೂಡಿಕೊಂಡು ಒಂದೇ ಅಗಲವಾದ ಬೆರಳಾಗಿದ್ದವು. ಅದರ ತುದಿಗೆ ಎರಡಲ್ಲ, ಮೂರು ಉಗುರು. ಗಿರಿಜವ್ವ ಎಣಿಸಿದಳು. ನಂಬಿಕೆ ಬಾರದೆ ಮತ್ತೊಮ್ಮೆ ಎಣಿಸಿದಳು. ಆಮೇಲೆ ಕೂಸನ್ನು ತಾಯಿಯ ಮಡಿಲಿಗೆ ಕೊಡದೆ ನೆಲದ ಚಾಪೆಯ ಮೇಲಿಟ್ಟಳು, ಸಂತೆಯಲ್ಲಿ ಹುಳುಕು ಬದನೆಕಾಯಿಯನ್ನು ತಿರುಗಿ ಬುಟ್ಟಿಗೆ ಹಾಕಿದ ಹಾಗೆ.

"ಏನ ಮಾಡಿದಿ ಬೇ ನನ್ನ ಮನಿ ಕೂಸಿಗೆ?"

ಶಿವಗಂಗವ್ವ ಬಗ್ಗಿ ಮಗಳನ್ನು ಎತ್ತಿಕೊಂಡಳು. ಹೊಲಿಗೆ ಹಾಕಿದ ಮೈ ಜಗ್ಗಿ ಕಣ್ಣು ಕತ್ತಲೆ ಬಂತು. "ನಾ ಏನ ಮಾಡ್ಲಿರಿ ಅತ್ತಿ? ಹುಟ್ಟಿದ್ದ ಹಂಗ."

"ದೀಪಾವಳಿ ಅಮಾಸಿ ಗ್ರಹಣದಾಗ ಕುಡಗೋಲ ಹಿಡದ್ಯಲ್ಲ. ನಾ ಕಣ್ಣಾರೆ ನೋಡೇನಿ. ಅವತ್ತ ಕೊಯ್ದಿ ನೀ ಇದನ್ನ."

ಹೊರಗೆ ಭೀಮಸಿ ಚಹಾದ ತಟ್ಟೆ ಹಿಡಿದು ನಿಂತೇ ಇದ್ದ. ಗಿರಿಜವ್ವ ಅವನ ಪಕ್ಕದಿಂದಲೇ ಹಾದು ಅಂಗಳಕ್ಕಿಳಿದಳು. ಅಳಿಯ ಮುರಗೆಪ್ಪ ಒಂದು ಕ್ಷಣ ಕೋಣೆಯ ಬಾಗಿಲಲ್ಲಿ ನಿಂತು ಮಗಳನ್ನು ನೋಡಿದ. ತಾಯಿ ಹೊರಗಿನಿಂದ ಕೂಗಿದ್ದೇ ತಡ ಚಪ್ಪಲಿ ಮೆಟ್ಟಿಕೊಂಡು ನಡೆದುಬಿಟ್ಟ. ತಂದಿದ್ದ ಕೊಬ್ಬರಿ, ಬೆಲ್ಲ, ತೊಟ್ಟಿಲ ಬಟ್ಟೆಯ ಚೀಲವೂ ಅವರ ಸಂಗಡವೇ ಹೋಯಿತು. ಹೆಸರಿಡುವ ದಿನ ಆ ಮನೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಭೀಮಸಿ ತನ್ನ ತಾಯಿಯ ಹೆಸರನ್ನೇ ಮೊಮ್ಮಗಳಿಗಿಟ್ಟ, ಸಾವಿತ್ರಿ ಎಂದು.

ಗ್ರಹಣದ ಮಾತು ಸುಳ್ಳಲ್ಲ. ಆವತ್ತು ಮುಂಜಾನೆ ಸೂರ್ಯ ಮಂಕಾಗುತ್ತಿದ್ದಾಗ ದಿಗ್ಗೇವಾಡಿಯ ಮನೆಯವರೆಲ್ಲ ಕದ ಹಾಕಿಕೊಂಡು ಒಳಗಿದ್ದರು. ಶಿವಗಂಗವ್ವನಿಗೆ ಎರಡು ತಿಂಗಳು ತುಂಬುತ್ತಿತ್ತು. ಹಿತ್ತಲಲ್ಲಿ ಆಡೊಂದು ಕೊರಳಿಗೆ ಹಗ್ಗ ಬಿಗಿದುಕೊಂಡು ಗೊರಗೊರ ಸದ್ದು ಮಾಡಿತು. ಇವಳು ತಡೆಯಲಾರದೆ ಓಡಿಹೋಗಿ, ಗೂಟದ ಬಳಿ ಬಿದ್ದಿದ್ದ ಕುಡಗೋಲಿನಿಂದ ಹಗ್ಗ ಕೊಯ್ದಳು. ಆಡು ಬದುಕಿತು. ತಿರುಗಿ ನೋಡಿದರೆ ಕಿಟಕಿಯ ಸರಳಿನ ಹಿಂದೆ ಗಿರಿಜವ್ವನ ಮುಖ. ಅವಳು ಆಗ ಏನೂ ಅನ್ನಲಿಲ್ಲ. ಏಳು ತಿಂಗಳು ಬಾಯಿಯಲ್ಲೇ ಇಟ್ಟುಕೊಂಡು ಚಿಂಚಲಿಯಲ್ಲಿ ಉಗುಳಿದಳು.

ಐದು ತಿಂಗಳಾದರೂ ಕರೆಯಲು ಯಾರೂ ಬರದಿದ್ದಾಗ ಅಣ್ಣ ಸತ್ಯಪ್ಪನೇ ತಂಗಿಯನ್ನೂ ಕೂಸನ್ನೂ ದಿಗ್ಗೇವಾಡಿಗೆ ಬಿಟ್ಟುಬಂದ. ಆ ಮನೆಯವರು ಅವಳನ್ನು ಹೊರಗೆ ಹಾಕಲಿಲ್ಲ, ಒಳಗೂ ಸೇರಿಸಿಕೊಳ್ಳಲಿಲ್ಲ. ಗಿರಿಜವ್ವ ಹಳೆಯ ಸೀರೆಯ ಅಂಚು ಕತ್ತರಿಸಿ ಎರಡು ಪುಟ್ಟ ಚೀಲ ಹೊಲಿದಳು. ಅವನ್ನು ಸಾವಿತ್ರಿಯ ಕೈಗೆ ತೊಡಿಸಿ ಮಣಿಕಟ್ಟಿಗೆ ದಾರ ಕಟ್ಟಿದಳು.

"ಮಂದಿ ಕಣ್ಣಿಗೆ ಬೀಳಬಾರ್ದು. ನನ್ನ ಮನಿತನಕ್ಕ ಕೆಟ್ಟ ಹೆಸರ ಬರತೈತಿ."

ಶಿವಗಂಗವ್ವ ದಿನಕ್ಕೆ ನಾಲ್ಕು ಸಲ ಬಿಚ್ಚುತ್ತಿದ್ದಳು. ಗಿರಿಜವ್ವ ಐದು ಸಲ ಕಟ್ಟುತ್ತಿದ್ದಳು. ದಾರ ಒತ್ತಿ ಕೂಸಿನ ಮಣಿಕಟ್ಟಿನಲ್ಲಿ ಕೆಂಪು ಬರೆ ಎದ್ದಿತು. ನೆರೆಯವರು ಬಂದರೆ ಕೂಸನ್ನು ಒಳಕೋಣೆಗೆ ಒಯ್ಯಬೇಕು. ದೇವರ ಮನೆಗೆ ಶಿವಗಂಗವ್ವ ಕಾಲಿಡುವಂತಿಲ್ಲ. ಮಾವ ಬಾಬಾಸಾಹೇಬ ಇಡೀ ದಿನ ತೋಟದಲ್ಲೇ ಇದ್ದುಬಿಡುತ್ತಿದ್ದ, ಮನೆಯ ಹೆಂಗಸರ ಮಾತು ತನ್ನದಲ್ಲ ಎನ್ನುವಂತೆ. ಮುರಗೆಪ್ಪನಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ತಾಯಿ ಬಾವಿಕಟ್ಟೆಗೆ ಹೋದಾಗ ಕೂಸನ್ನು ಎತ್ತಿಕೊಳ್ಳುತ್ತಿದ್ದ. ಕೊಡದ ಸಪ್ಪಳ ಕೇಳಿದರೆ ಇಳಿಸಿಬಿಡುತ್ತಿದ್ದ. ಆ ಇಳಿಸುವಿಕೆಯನ್ನು ನೋಡಿ ನೋಡಿ ಶಿವಗಂಗವ್ವನಿಗೆ ಅತ್ತೆಗಿಂತ ಗಂಡನ ಮೇಲೆಯೇ ಹೆಚ್ಚು ಸಿಟ್ಟು ಬರತೊಡಗಿತು.

ಲಸಿಕೆ ಹಾಕಲು ಬಂದ ನರ್ಸಬಾಯಿ ಒಂದು ದಿನ ಆ ಚೀಲ ಬಿಚ್ಚಿ ನೋಡಿದಳು. "ಇದನ್ಯಾಕ ಮುಚ್ಚೀರಿ? ಬೆಳಗಾವ್ಯಾಗ ಬೆರಳ ಬಿಡಿಸೋ ಡಾಕ್ಟರ್ ಅದಾರ. ಹಾಡಹಗಲ ಕರಕೊಂಡ ಹೋಗ್ರಿ," ಎಂದು ಮುರಗೆಪ್ಪನಿಗೆ ಬೈದು ಚೀಟಿ ಬರೆದುಕೊಟ್ಟಳು. ಅವನು ಹದಿನೈದು ದಿನ ಆ ಚೀಟಿಯನ್ನು ಅಂಗಿಯ ಕಿಸೆಯಲ್ಲೇ ತಿರುಗಾಡಿಸಿದ. ಕೊನೆಗೆ ಹೆಂಡತಿಗೆ ಹೇಳಿದ, "ರಾಯಬಾಗಕ್ಕ ಜ್ವರದ ಔಷಧ ತರಾಕ ಹೊಂಟೇವಂತ ಅವ್ವಗ ಹೇಳ್ತೇನಿ. ಬೆಳಗಾವಿ ಸುದ್ದಿ ಬಾಯಿ ಬಿಡಬ್ಯಾಡ."

1997ರ ಫೆಬ್ರುವರಿ. ಬೆಳಗಾವಿಯ ದವಾಖಾನೆಯ ಹಂಜಿ ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಸಾವಿತ್ರಿಯ ಕೈಗಳ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. ಒಂದೇ ತೊಗಲಿನೊಳಗೆ ಮೂರು ಬೆರಳಿನ ಎಲುಬು ಗುಂಪಾಗಿ ನಿಂತಿದ್ದವು. ಆಮೇಲೆ ಅವರು ಕಾಗದದ ಮೇಲೆ ಹೆಂಗಸರಿಗೆ ದುಂಡನೆಯ ಗುರುತು, ಗಂಡಸರಿಗೆ ಚೌಕ ಗುರುತು ಹಾಕುತ್ತ ಒಬ್ಬೊಬ್ಬರ ಬಗ್ಗೆ ಕೇಳತೊಡಗಿದರು.

"ಮನೆತನದಾಗ ಇನ್ಯಾರಿಗರೆ ಕೈಬೆರಳ, ಕಾಲಬೆರಳ ಹಿಂಗ ಕೂಡ್ಯಾವೇನು?"

"ಇಲ್ರಿ," ಎಂದ ಮುರಗೆಪ್ಪ.

ಶಿವಗಂಗವ್ವ ಅವನ ಮುಖ ನೋಡಿದಳು. "ನಿಮ್ಮ ಕಾಲ?"

ಅವನ ಎರಡೂ ಪಾದದ ಕಿರುಬೆರಳು ಪಕ್ಕದ ಬೆರಳಿಗೆ ಅಂಟಿಕೊಂಡಿದ್ದವು. ಮದುವೆಯಾದಂದಿನಿಂದ ನೋಡುತ್ತ ಬಂದಿದ್ದಳು. ಮೊದಲ ರಾತ್ರಿಯೇ ಕೇಳಿದ್ದಕ್ಕೆ "ಸಣ್ಣಂವ ಇದ್ದಾಗ ಸುಟ್ಟಿದ್ದು" ಎಂದಿದ್ದ. ಡಾಕ್ಟರು ಚಪ್ಪಲಿ ಬಿಡಲು ಹೇಳಿದರು. ಅವನು ಬಿಡಲಿಲ್ಲ. ಅವರು ಪೆನ್ನು ಕೆಳಗಿಟ್ಟು ಕಾದರು. ಕೊನೆಗೆ ಬಿಟ್ಟ. ಅವನ ಪಾದದ್ದೂ ಫೋಟೊ ತೆಗೆಸಿದರು. ಎಕ್ಸ್‌ರೇಯಲ್ಲಿ ಆ ಬೆರಳುಗಳ ನಡುವೆ ಇನ್ನೊಂದು ಸಣ್ಣ ಎಲುಬು ಕವಲೊಡೆದು ನಿಂತಿತ್ತು. ಸುಟ್ಟ ಗಾಯಕ್ಕೆ ಎಲುಬು ಹುಟ್ಟುವುದಿಲ್ಲ.

ಆಮೇಲೆ ಒಂದೊಂದೇ ಹೊರಬಂತು. ಮುರಗೆಪ್ಪನ ತಾಯಿಯ ಅಪ್ಪ, ಕರೋಶಿಯ ಮಾಯಪ್ಪನಿಗೆ ಕೈಬೆರಳು ಹೀಗೆಯೇ ಇದ್ದವು, ಊರೆಲ್ಲ ಅವನನ್ನು ಜೋಡಬೆರಳ ಮಾಯಪ್ಪ ಎಂದೇ ಕರೆಯುತ್ತಿತ್ತು. ಸೋದರಮಾವ ಲಗಮಣ್ಣನ ಕಾಲಬೆರಳೂ ಕೂಡಿದ್ದವು. "ಅವ್ವಂದು ಗೊತ್ತಿಲ್ರಿ," ಎಂದ ಮುರಗೆಪ್ಪ. ಶಿವಗಂಗವ್ವನಿಗೆ ಗೊತ್ತಿತ್ತು. ಹಬ್ಬಹಬ್ಬಕ್ಕೂ ಆ ಕಾಲಿಗೆ ಹಣೆ ಹಚ್ಚಿದವಳು ಅವಳು. ಎಡಗಾಲಿನ ಕೊನೆಯ ಎರಡು ಬೆರಳಿಗೆ ಒಂದೇ ಬುಡ. ನೋಡಿದ್ದಳು, ಆದರೆ ಅತ್ತೆಯ ಕಾಲನ್ನು ಯಾರು ಕಣ್ಣಿಟ್ಟು ನೋಡುತ್ತಾರೆ?

ಡಾಕ್ಟರು ಕಾಗದವನ್ನು ಅವಳ ಕಡೆ ತಿರುಗಿಸಿದರು. "ಹೊಟ್ಟಿಯೊಳಗ ಒಂದೂವರಿ ತಿಂಗಳಾದಾಗ ಕೂಸಿನ ಕೈ ಚಮಚದಂಗ ಇರತೈತಿ, ಬೆರಳ ಇರೂದಿಲ್ಲ. ಮುಂದಿನ ಎರಡ ವಾರದಾಗ ಎಲ್ಲಿ ಬೆರಳ ಬರಬೇಕು, ಎಲ್ಲಿ ಸೀಳಬೇಕು ಅಂತ ಹೇಳೂದು ಒಂದ ಜೀನು. ಹಾಕ್ಸ್ ಡಿ ಹದಿಮೂರು ಅಂತ ಅದರ ಹೆಸರು. ಅದರೊಳಗ ತಪ್ಪಿದ್ದರ ಹಿಂಗ ಬೆರಳ ಕೂಡತಾವ ಅಂತ ಹೋದ ವರ್ಷನ ಪರದೇಶದಾಗ ಕಂಡಹಿಡದಾರ. ರಕ್ತದ ಪರೀಕ್ಷಾ ನಮ್ಮಲ್ಲಿಲ್ಲ. ಆದ್ರ ಈ ಫೋಟೊ, ಈ ಮನೆತನ ನೋಡಿದ್ರ ಅದ ಇರಬೇಕು ಅನಸ್ತೈತಿ. ಅಜ್ಜನಿಂದ ಮಗಳಿಗೆ, ಮಗಳಿಂದ ಮೊಮ್ಮಗಗ, ಅಲ್ಲಿಂದ ಈ ಕೂಸಿಗೆ."

ಶಿವಗಂಗವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ಗ್ರಹಣದ ದಿನಕ್ಕೂ ಈ ಎರಡು ವಾರಕ್ಕೂ ಸರಿಯಾಗಿ ಕೂಡುತ್ತಿತ್ತು. "ಬಾಯಾರ, ಅದ ಹೊತ್ತಿನ್ಯಾಗ ನಾ ಗ್ರಹಣದಾಗ ಕುಡಗೋಲ ಹಿಡದಿದ್ನಿರಿ."

"ಬೆರಳ ಮೂಡಿದ್ದು ಆಗ, ಖರೆ. ಆದ್ರ ಹಿಂಗ ಮೂಡಬೇಕಂತ ಬರದಿದ್ದು ಅದಕ್ಕಿಂತ ಮೊದಲು, ನಿನ್ನ ಗಂಡನ ಕಡಿಂದ ಬಂದದ್ದು. ನೀ ಕುಡಗೋಲ ಹಿಡದ್ರೂ ಅಷ್ಟ, ಪೂಜೆಗೆ ಕುಂತ್ರೂ ಅಷ್ಟ. ಅವನ ತಪ್ಪೂ ಅಲ್ಲ. ಕೂಸಿನ ಕೈ ಬಿಡಿಸಬಹುದು, ಒಂದೂವರಿ ವರ್ಷ ತುಂಬಲಿ. ಪೂರಾ ಸರಿ ಆಗತೈತಿ ಅಂತ ನಾ ಹೇಳೂದಿಲ್ಲ." ಮುರಗೆಪ್ಪನ ಕಡೆ ತಿರುಗಿ ಇನ್ನೊಂದು ಮಾತು ಸೇರಿಸಿದರು. "ನಿಮ್ಮ ಮಾಮಾನ ಮನಿಯೊಳಗ ಕೊಟ್ಟು ತಗೊಳ್ಳೂದು ಮಾಡಬ್ಯಾಡ್ರಿ. ಎರಡೂ ಕಡಿಂದ ಇದ ಬಂದ್ರ ಕೂಸಿನ ಕೈಕಾಲ ಇದಕ್ಕಿಂತ ಭಾಳ ಕೆಡತಾವ."

ಬಸ್ಸು ಚಿಕ್ಕೋಡಿ ದಾಟಿದ ಮೇಲೆ ಮುರಗೆಪ್ಪ ಬಾಯಿ ಬಿಟ್ಟ. "ಅವ್ವಗ ಹೇಳಬ್ಯಾಡ."

"ಒಂಬತ್ತ ತಿಂಗಳಿಂದ ನಾ ಪಾಪಿ ಅನಿಸಿಕೊಂಡೇನಿ."

"ಇನ್ನ ನಾಕ ದಿನ ಅನಿಸಿಕೊ. ಏನಾಗತೈತಿ?"

ಆ ಮಾತು ಅವಳ ಕಿವಿಯಲ್ಲಿ ನಿಂತುಬಿಟ್ಟಿತು. ಆದರೂ ಒಂದು ತಿಂಗಳು ಸುಮ್ಮನಿದ್ದಳು. ಒಂದು ಮುಂಜಾನೆ ಗಿರಿಜವ್ವ ಮತ್ತೆ ಚೀಲ ಕಟ್ಟಲು ಕೂತಳು. ಕೂಸು ಕೈ ಕೊಸರಿಕೊಂಡಾಗ ಅದರ ಕೆನ್ನೆಗೆ ಚಿವುಟಿದಳು. "ಶನಿಕೈ ತಂದ ನನ್ನ ಮನ್ಯಾಗ ಇಟ್ಟಾಳ."

ಶಿವಗಂಗವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಳು. "ಅತ್ತಿ, ಅದ ನಿಮ್ಮಪ್ಪನ ಕೈ. ಜೋಡಬೆರಳ ಮಾಯಪ್ಪಂದು. ನಿಮ್ಮ ಎಡಗಾಲ ಒಂದೀಟ ಮುಂದ ಮಾಡ್ರಿ, ನೋಡೂಣು."

ಗಿರಿಜವ್ವ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಮರುಕ್ಷಣ ಎದ್ದು ಸೊಸೆಯ ಕಪಾಳಕ್ಕೆ ಹೊಡೆದಳು. ಹಿಟ್ಟಿನ ಕೈಯಲ್ಲೇ ಶಿವಗಂಗವ್ವ ಅವಳ ಮಣಿಕಟ್ಟು ಹಿಡಿದಳು. ಎರಡನೆಯ ಏಟು ಬೀಳಲಿಲ್ಲ. ಇಬ್ಬರೂ ಹಾಗೆಯೇ ನಿಂತಿದ್ದರು. ಒಲೆಯ ಮೇಲಿನ ರೊಟ್ಟಿ ಹೊತ್ತಿ ಮನೆಯೆಲ್ಲ ಹೊಗೆ ಆಡಿತು.

ಮಧ್ಯಾಹ್ನದೊಳಗೆ ಅವಳ ಟ್ರಂಕು ಅಂಗಳದಲ್ಲಿತ್ತು. ಮುರಗೆಪ್ಪ ಅದನ್ನು ಬಸ್ ನಿಲ್ದಾಣದ ತನಕ ಹೊತ್ತು ತಂದ. ತಾನು ಬರುತ್ತೇನೆಂದೂ ಅನ್ನಲಿಲ್ಲ, ಹೋಗಬೇಡ ಎಂದೂ ಅನ್ನಲಿಲ್ಲ. ಟ್ರಂಕಿನೊಳಗೆ, ಸೀರೆಗಳ ಕೆಳಗೆ, ಎಕ್ಸ್‌ರೇಯ ಲಕೋಟೆ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಸತ್ಯಪ್ಪ ಚಿಕ್ಕೋಡಿ ಸಂತೆಯಿಂದ ಸುದ್ದಿ ತಂದ. ಮುರಗೆಪ್ಪನಿಗೆ ಎರಡನೆಯ ಲಗ್ನ. ಹುಡುಗಿ ಕರೋಶಿಯ ಲಗಮಣ್ಣನ ಮಗಳು ಕೆಂಪವ್ವ, ಅಂದರೆ ಗಿರಿಜವ್ವನ ಅಣ್ಣನ ಮಗಳು. ಬರುವ ಗುರುವಾರ ಸಾಖರಪುಡಾ, ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವವರಿದ್ದರು.

"ಪೋಲೀಸಗ ಹೇಳೂಣು. ಹೆಂಡತಿ ಇದ್ದಾಕಿನ್ನ ಬಿಟ್ಟ ಹೆಂಗ ಆಗತಾನ?" ಎಂದ ಸತ್ಯಪ್ಪ.

ಶಿವಗಂಗವ್ವ ಟ್ರಂಕು ತೆಗೆಯುತ್ತಿದ್ದಳು. "ಅಂವ ಆಗಲಿ ಬಿಡಲಿ, ನಂಗ ಅಂವ ಬ್ಯಾಡ ಅಣ್ಣಾ. ಡಾಕ್ಟರ್ ಬಾಯಾರು ಹೇಳಿದ್ದನ್ನ ಅಂವ ಕಿವಿಯಾರೆ ಕೇಳ್ಯಾನ. ಕೇಳಿ ಆ ಮನಿಗೇ ಹೊಂಟಾನಲ್ಲ, ಅದ ನನಗ ಸುಡಾಕತ್ತೈತಿ."

ಗುರುವಾರ ಹತ್ತು ಗಂಟೆಗೆ ಅಣ್ಣ ತಂಗಿ ಕರೋಶಿಯಲ್ಲಿ ಇಳಿದರು. ಕಂಕುಳಲ್ಲಿ ಸಾವಿತ್ರಿ. ಕೈಗೆ ಚೀಲ ಇರಲಿಲ್ಲ. ಲಗಮಣ್ಣನ ಪಡಸಾಲೆಯ ತುಂಬ ಜನ. ನಡುವೆ ಜಮಖಾನೆಯ ಮೇಲೆ ಮುರಗೆಪ್ಪ ಹೊಸ ಟೊಪ್ಪಿಗೆ ಇಟ್ಟು ಕುಳಿತಿದ್ದ. ಪಕ್ಕದಲ್ಲಿ ಗಿರಿಜವ್ವ. ಹಸಿರು ಸೀರೆಯ ಕೆಂಪವ್ವ ತಲೆ ಬಗ್ಗಿಸಿ ಎದುರಿಗಿದ್ದಳು, ಹದಿನೆಂಟು ತುಂಬಿರಲಿಕ್ಕಿಲ್ಲ. ಅವಳ ತಾಯಿ ಲಕ್ಕವ್ವ ಸಕ್ಕರೆಯ ತಟ್ಟೆ ಹಿಡಿದು ಒಳಗಿನಿಂದ ಬರುತ್ತಿದ್ದಳು.

"ಯಾರ ಕರದಾರ ಇಕಿನ್ನ? ಹೊರಗ ಹಾಕ್ರಿ!" ಗಿರಿಜವ್ವ ಎದ್ದು ನಿಂತಳು.

ಲಗಮಣ್ಣ ಮುಂದೆ ಬಂದು ಸತ್ಯಪ್ಪನ ಎದೆಗೆ ಕೈ ಹಚ್ಚಿದ. ಶಿವಗಂಗವ್ವ ಅವನನ್ನು ಬಳಸಿಕೊಂಡು ಹೋಗಿ ಲಕ್ಕವ್ವನ ಎದುರು ನಿಂತಳು. ಈ ಮನೆಯಲ್ಲಿ ತನ್ನ ಹಾಗೆ ಹೊರಗಿನಿಂದ ಬಂದ ಸೊಸೆ ಅವಳೊಬ್ಬಳೇ ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು.

"ಮಾಮಿ, ನಾ ಜಗಳಕ್ಕ ಬಂದಿಲ್ಲ. ನಿಮ್ಮ ಮಗಳಿಗೆ ಹೇಳಾಕ ಬಂದೇನಿ." ಲಕೋಟೆಯಿಂದ ಕಪ್ಪು ಹಾಳೆ ತೆಗೆದು ಬಾಗಿಲ ಬೆಳಕಿಗೆ ಹಿಡಿದಳು. "ಇದ ಅವರ ಕಾಲು. ಇದ ನನ್ನ ಮಗಳ ಕೈ. ಎರಡೂ ಒಂದ ಬೇರಿನವು. ನಿಮ್ಮ ಮಾವ ಮಾಯಪ್ಪಜ್ಜನಿಂದ ಬಂದಾವು. ನಿಮ್ಮ ಮಗಳಿಗೂ ಇದ್ರ, ಇವರಿಬ್ಬರಿಗೆ ಹುಟ್ಟೂ ಕೂಸಿನ ಕೈಕಾಲ ಗುರ್ತ ಸಿಗದಂಗ ಆಗಬಹುದು ಅಂತ ಬೆಳಗಾವಿ ಡಾಕ್ಟರ್ ಹೇಳ್ಯಾರ. ಅವರೂ ಕೇಳ್ಯಾರ. ಕೇಳ್ರಿ ಅವರ್ನ."

ಎಲ್ಲರೂ ಮುರಗೆಪ್ಪನ ಕಡೆ ತಿರುಗಿದರು.

"ಖರೆ ಏನೋ?" ಲಗಮಣ್ಣ ಕೇಳಿದ.

"ಆ ಫೋಟೊ ನಂದಲ್ಲ," ಎಂದ ಮುರಗೆಪ್ಪ. ಹೇಳುತ್ತಲೇ ಎರಡೂ ಪಾದಗಳನ್ನು ಧೋತರದೊಳಗೆ ಸೇರಿಸಿಕೊಂಡ.

ಗಿರಿಜವ್ವ ನಕ್ಕಳು. "ಕೇಳಿದ್ರಿ? ಗ್ರಹಣದಾಗ ತಾನ ಕೊಯ್ದಾಳ, ಈಗ ಕರೀ ಕಾಗದ ತಂದು ನಮ್ಮ ಮನಿತನದ ಮ್ಯಾಲ ಹಾಕತಾಳ."

ಲಕ್ಕವ್ವ ಸಕ್ಕರೆಯ ತಟ್ಟೆಯನ್ನು ಹಿಡಿದುಕೊಂಡೇ ಇದ್ದಳು. ಅವಳ ಕಣ್ಣು ಎಕ್ಸ್‌ರೇಯ ಮೇಲಿರಲಿಲ್ಲ, ಸಾವಿತ್ರಿಯ ಕೈಯ ಮೇಲಿತ್ತು. ಮೂರು ಉಗುರಿನ ಆ ಅಗಲ ಬೆರಳನ್ನು ಒಂದು ಕೈಯಿಂದ ಮೆಲ್ಲಗೆ ಮುಟ್ಟಿದಳು.

"ನನ್ನ ಮೊದಲನೇ ಮಗಂದು ಹಿಂಗ ಇತ್ತು," ಎಂದಳು. "ಥೇಟ ಹಿಂಗ."

"ಒಳಗ ನಡಿ," ಎಂದ ಲಗಮಣ್ಣ.

ಅವಳು ನಡೆಯಲಿಲ್ಲ. "ಹುಟ್ಟಿದ ದಿನಾ ಸೂಲಗಿತ್ತಿ ಕಡೆ ಬ್ಲೇಡಿಲೆ ಕೊಯ್ಸಿದ್ರಿ. ಒಂಬತ್ತ ದಿನಕ್ಕ ಕೈ ಬಾತು ಕೂಸ ಹೋಗಿಬಿಡ್ತು. ಗ್ರಹಣದಾಗ ಕಾಯಿಪಲ್ಯಾ ಹೆಚ್ಚಿದಿ, ನೀನ ಕೊಂದಿ ಅಂದ್ರಿ. ಈ ಗಿರಿಜವ್ವನ ಅಂದ್ಲು." ಅವಳ ಧ್ವನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಆ ವರ್ಷ ಗ್ರಹಣ ಹಿಡದಿತ್ತೋ ಇಲ್ಲೋ ಅದೂ ನನಗ ನೆನಪಿಲ್ಲ. ನೀವ ಅಂದ್ರಿ, ನಾ ಹೂಂ ಅಂದ್ನಿ. ಕೆಂಪಿ, ಕಾಲ ಮುಂದ ಮಾಡು."

ಕೆಂಪವ್ವ ತಾಯಿಯನ್ನೂ ಅಪ್ಪನನ್ನೂ ನೋಡಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಪಾದ ಮುಂದಿಟ್ಟಳು. ಅರಿಷಿಣ ಹಚ್ಚಿದ ಕಾಲಿನಲ್ಲಿ ಕಿರುಬೆರಳು ಪಕ್ಕದ ಬೆರಳಿಗೆ ಅಂಟಿಕೊಂಡಿತ್ತು. ಲಗಮಣ್ಣ ಹೆಂಡತಿಯ ರಟ್ಟೆ ಹಿಡಿದು ಎಳೆದ. ಎಳೆದ ರಭಸಕ್ಕೆ ತಟ್ಟೆ ಮಗುಚಿ ಸಕ್ಕರೆಯೆಲ್ಲ ಜಮಖಾನೆಯ ಮೇಲೆ ಚೆಲ್ಲಿತು.

"ಹೊಡೀರಿ," ಎಂದಳು ಲಕ್ಕವ್ವ. "ಮಂದಿ ಮುಂದ ಹೊಡೀರಿ. ಈ ಲಗ್ನ ಆಗಾಂಗಿಲ್ಲ."

ಮೊದಲು ಎದ್ದವರು ಊರ ಹಿರಿಯರು, ಆಮೇಲೆ ಉಳಿದವರು. ಹೊರಗೆ ಚಪ್ಪಲಿ ಹುಡುಕುತ್ತಿದ್ದ ಪ್ರತಿಯೊಬ್ಬರ ಕಾಲನ್ನೂ ಇನ್ನೊಬ್ಬರು ನೋಡುತ್ತಿದ್ದರು. ಗಿರಿಜವ್ವ ಶಿವಗಂಗವ್ವನ ಹತ್ತಿರ ಬಂದು, ಅವಳಿಗಷ್ಟೇ ಕೇಳುವಂತೆ ಹೇಳಿದಳು. "ನನ್ನ ತವರಮನಿ ಬಾಗಿಲ ನನಗ ಹಾಕಿಸಿದಿ. ನಿನ್ನ ನಾ ಸತ್ತರೂ ಬಿಡಾಂಗಿಲ್ಲ."

"ಬಿಡಬ್ಯಾಡ್ರಿ," ಎಂದಳು ಶಿವಗಂಗವ್ವ.

ವಾರದ ಮೇಲೆ ಮುರಗೆಪ್ಪ ಒಬ್ಬನೇ ಚಿಂಚಲಿಗೆ ಬಂದ. ಗಡ್ಡ ಬೆಳೆದಿತ್ತು. ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದ. ಸಾವಿತ್ರಿ ಅಜ್ಜನ ಹಿಂದೆ ಸರಿದಳು. "ಆ ಫೋಟೊ ಕೊಡು," ಎಂದ. "ಅವ್ವ ಅನ್ನ ನೀರ ಬಿಟ್ಟಾಳ. ಸುಟ್ಟ ಹಾಕಿದ ಮ್ಯಾಲ ಸುಮ್ಮನಾಗತಾಳಂತ."

ಶಿವಗಂಗವ್ವ ಒಳಹೋಗಿ ಲಕೋಟೆ ತಂದು ಅವನ ಮುಂದೆ ಎಸೆದಳು. "ಒಯ್ರಿ, ಸುಡ್ರಿ. ಕಾಲ ಹೆಂಗೂ ನಿಮ್ಮ ಹತ್ರನ ಐತಿ."

ಅವನು ಬಗ್ಗಿ ಎತ್ತಿಕೊಂಡ. ಆ ಬಗ್ಗಿದ ಬೆನ್ನು ಕಂಡು ಒಂದು ಗಳಿಗೆ ಅವಳ ಮನಸ್ಸು ಕರಗಿದ್ದೂ ನಿಜ. ಮಗಳ ಕೈ ಬಿಡಿಸಲು ಯಾವಾಗ ಕರೆದುಕೊಂಡು ಹೋಗೋಣ ಎಂದು ಒಂದು ಮಾತು ಕೇಳಿದ್ದರೆ ಕೂಡ್ರಿ ಎನ್ನುತ್ತಿದ್ದಳೇನೋ. ಅವನು ಲಕೋಟೆಯನ್ನು ಅಂಗಿಯೊಳಗೆ ಸೇರಿಸಿ, ಬಸ್ಸಿನ ಹೊತ್ತಾಯಿತೆಂದು ಎದ್ದ.

ನವೆಂಬರಿನಲ್ಲಿ ಸಾವಿತ್ರಿಯ ಬಲಗೈ ಬಿಡಿಸಿದರು, ಮರುವರ್ಷ ಎಡಗೈ. ನಡುವಿನ ಹೆಚ್ಚಿನ ಎಲುಬು ತೆಗೆದು, ತೊಡೆಯ ತೊಗಲು ತಂದು ಹಚ್ಚಿದರು. ಬಲಗೈಯ ಉಂಗುರ ಬೆರಳು ಮಡಚಲಿಲ್ಲ, ಸೆಟೆದೇ ಉಳಿಯಿತು. ಮೊದಲನೆಯ ಸಲ ಪಟ್ಟಿ ಬಿಚ್ಚುವ ದಿನ ಲಕ್ಕವ್ವ ಮಗಳನ್ನು ಕರೆದುಕೊಂಡು ದವಾಖಾನೆಗೆ ಬಂದಳು. ಹಣೆಯ ಮೇಲೆ ಮಾಯುತ್ತಿದ್ದ ಗಾಯವಿತ್ತು. ಯಾರು ಮಾಡಿದ್ದೆಂದು ಶಿವಗಂಗವ್ವ ಕೇಳಲಿಲ್ಲ. ಹಂಜಿ ಡಾಕ್ಟರು ಕೆಂಪವ್ವನ ಕಾಲು ನೋಡಿ, ಈ ಸಂಬಂಧದಿಂದಾಚೆ ಮದುವೆಯಾದರೂ ಮಕ್ಕಳಿಗೆ ಬರಬಹುದು, ಬಾರದೆಯೂ ಇರಬಹುದು, ಹುಟ್ಟಿದ ಕೂಡಲೇ ಕರೆತರಬೇಕು, ಯಾರೂ ಬ್ಲೇಡು ಮುಟ್ಟಬಾರದು ಎಂದರು.

ಹೊರಡುವಾಗ ಲಕ್ಕವ್ವ ಬಾಗಿಲಲ್ಲಿ ನಿಂತಳು. "ಬಾಯಾರ, ನನ್ನ ಮಗ ನನ್ನಿಂದ ಸತ್ತಿಲ್ಲ ಹೌದಲ್ರಿ?"

"ನಿಮ್ಮಿಂದ ಅಲ್ಲ."

ಲಕ್ಕವ್ವ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. "ಇಪ್ಪತ್ತೆರಡ ವರ್ಷ ಅವರ ದೇವರ ಮುಂದ ತಪ್ಪಾತು ತಪ್ಪಾತು ಅಂತ ಮೂಗ ತಿಕ್ಕೇನಿ, ಗಂಗಾ. ಈಗ ಆ ಸಿಟ್ಟ ಎಲ್ಲಿ ಇಟ್ಟಕೊಳ್ಳಲಿ?" ತನ್ನ ಸಿಟ್ಟನ್ನು ಎಲ್ಲಿಟ್ಟುಕೊಳ್ಳಬೇಕೆಂಬುದೇ ಶಿವಗಂಗವ್ವನಿಗಿನ್ನೂ ಗೊತ್ತಾಗಿರಲಿಲ್ಲ.

ಕೆಂಪವ್ವನ ಮದುವೆ ಅಥಣಿ ಕಡೆಯ ದ್ರಾಕ್ಷಿ ತೋಟದವರ ಮನೆಗೆ ಆಯಿತು. ಕಾಲಿನ ವಿಷಯ ಮೊದಲೇ ಹೇಳಿ ಮಾಡಿಕೊಟ್ಟಳು ಲಕ್ಕವ್ವ. ಮುರಗೆಪ್ಪನಿಗೆ ಆ ಸೀಮೆಯಲ್ಲಿ ಯಾರೂ ಹೆಣ್ಣು ಕೊಡಲಿಲ್ಲ.

1999ರ ಬೇಸಿಗೆಯಲ್ಲಿ ಬಾಬಾಸಾಹೇಬ ಚಿಂಚಲಿಗೆ ಬಂದ. ಬೀಗನ ಮನೆಯಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಸೊಸೆಯನ್ನು ಕರೆದುಕೊಂಡು ಹೋಗಲು ಗಿರಿಜವ್ವ ಒಪ್ಪಿದ್ದಾಳಂತೆ. ಊರ ಹಿರಿಯರ ಮುಂದೆ, ಕುಡಗೋಲು ಹಿಡಿದದ್ದು ತನ್ನ ತಪ್ಪು, ಡಾಕ್ಟರ್ ಹೇಳಿದ್ದು ಸುಳ್ಳು ಎಂದು ಸೊಸೆ ಒಂದು ಮಾತು ಅಂದರೆ ಸಾಕಂತೆ. "ಒಂದ ಮಾತಷ್ಟ ತಂಗಿ. ಮನಿತನ ಉಳಿತೈತಿ," ಎಂದ.

ಶಿವಗಂಗವ್ವ ಎಮ್ಮೆಯ ಕೆಚ್ಚಲು ತೊಳೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮಾವಾರ, ಅವತ್ತ ನಿಮ್ಮ ಹೆಂಡತಿ ನನಗ ಹೊಡದಾಗ ನೀವ ತೋಟದಾಗಿದ್ರಿ. ಕೂಸಿನ ಕೈಗೆ ಚೀಲ ಕಟ್ಟಿದಾಗೂ ತೋಟದಾಗಿದ್ರಿ. ಈಗೂ ತೋಟಕ್ಕ ಹೋಗ್ರಿ. ಆ ಮಾತ ನನ್ನ ಬಾಯಿಂದ ಬರೂದಿಲ್ಲ."

ಅವಳು ತಂಬಿಗೆಯನ್ನು ಕೆಚ್ಚಲ ಕೆಳಗಿಟ್ಟುಕೊಂಡು ಹಾಲು ಕರೆಯತೊಡಗಿದಳು.